ಬಂಡ್ರಿಯ ಬಿಳಿ ಧೂಳು

ಧಾರವಾಡ
22 ಆಗಸ್ಟ್ 2004

ಅಪ್ಪನಿಗೆ ಗಾಳೆಮ್ಮನ ನಮಸ್ಕಾರ.

ತಿಂಗಳಿಗೊಮ್ಮೆ ಊರಿಗೆ ಬರುವವಳು ಪತ್ರ ಯಾಕೆ ಬರೆಯಬೇಕು ಎಂದು ಅವ್ವ ಕೇಳುತ್ತಾಳೆ, ನನಗೆ ಗೊತ್ತು. ಆದರೆ ಪ್ರತಿ ಹತ್ತನೇ ತಾರೀಖು ನಾನು ಇಳಿಯುವುದು ಬೆಳಗಿನ ಬಸ್ಸಿಗೆ, ಐದು ಊರು ಸುತ್ತಿ ಹೊರಡುವುದು ಸಂಜೆಯ ಬಸ್ಸಿಗೆ. ಆ ಹೊತ್ತಿನಲ್ಲಿ ನೀವು ಕಾಲುವೆಯ ಮೇಲೆ ನೀರಿನ ಮಟ್ಟದ ಗೇಜ್ ಓದುತ್ತಿರುತ್ತೀರಿ. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ನಾನು ಕೂರುವುದೇ ಹತ್ತು ನಿಮಿಷ, ಅದರಲ್ಲಿ ಎಂಟು ನಿಮಿಷ ಅವ್ವ ನಾನು ಎಷ್ಟು ಬಡಕಲಾಗಿದ್ದೇನೆ ಎಂದು ಹೇಳುತ್ತಾಳೆ. ಹೀಗಾಗಿ ನಿಮ್ಮ ಜೊತೆ ಮಾತಾಡಬೇಕೆಂದರೆ ಪತ್ರವೇ ಗತಿ.

ಹೋದ ಸಲ ನೀವು ಅವ್ವನ ಕೈಲಿ ಕೇಳಿಸಿದ್ದಿರಿ, ಮಾಳಿಗೆಯ ಮೇಲೆ ಗಾಜಿನ ಜಾರ್ ಇಟ್ಟರೆ ಪಿಎಚ್.ಡಿ. ಕೊಡುತ್ತಾರೇನು ಎಂದು. ಕೊಡುತ್ತಾರೆ. ಅದಿರಿನ ಲಾರಿ ಓಡಾಡುವ ಊರುಗಳಲ್ಲಿ ತಿಂಗಳಿಗೆ ಎಷ್ಟು ಧೂಳು ಬೀಳುತ್ತದೆ ಎಂದು ಎಲ್ಲರೂ ಬಾಯಲ್ಲಿ ಹೇಳುತ್ತಾರೆ, ತೂಗಿ ಹೇಳಿದವರು ಕಡಿಮೆ. ಬಿದ್ದ ಧೂಳು ಹಾರದಿರಲಿ ಎಂದು ಜಾರಿನಲ್ಲಿ ಗೆರೆಯ ಮಟ್ಟಕ್ಕೆ ಶುದ್ಧ ನೀರು ಹಾಕಿರುತ್ತೇನೆ. ತಿಂಗಳ ಕೊನೆಗೆ ಆ ನೀರನ್ನು ತಂದು ಇಲ್ಲಿ ಇಂಗಿಸಿ, ಉಳಿದದ್ದನ್ನು ತೂಗುತ್ತೇನೆ. ಹೊಸಪೇಟೆ, ಸಂಡೂರು, ಬಂಡ್ರಿ, ಲಾರಿಯೇ ಹೋಗದ ಕಂಪ್ಲಿ, ಮತ್ತೆ ನಮ್ಮ ಡ್ಯಾಮಿನ ಕ್ವಾರ್ಟರ್ಸು. ಇಷ್ಟೇ ವಿದ್ಯೆ.

ಇಷ್ಟೇ ಎಂದರೆ ನನ್ನ ಗೈಡ್ ತ್ರಿವೇಣಿ ಮೇಡಂ ಬಿಡುವುದಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ನಮ್ಮನ್ನು ಕೂರಿಸಿಕೊಂಡು ಕಸುಬು ಕಲಿಸುತ್ತಾರೆ. ಇಡೀ ಪ್ರಬಂಧವನ್ನು ಇನ್ನೂರು ಪದಕ್ಕೆ ಇಳಿಸುವುದು ಹೇಗೆ, ಪರಿಚಯವಿಲ್ಲದ ಪ್ರೊಫೆಸರಿಗೆ ಸಣ್ಣವರಾಗದೆ ಪತ್ರ ಬರೆಯುವುದು ಹೇಗೆ, ಹದಿನೈದು ನಿಮಿಷ ಎಂದರೆ ಹದಿನೈದೇ ನಿಮಿಷದಲ್ಲಿ ಮಾತು ಮುಗಿಸುವುದು ಹೇಗೆ. ಅವರು ಗಡಿಯಾರ ಹಿಡಿದು ಕೊನೆಯ ಬೆಂಚಿನಲ್ಲಿ ಕೂರುತ್ತಾರೆ. ಮೊದಲ ದಿನ ನಾನು ಮೂವತ್ತೊಂದು ನಿಮಿಷ ಮಾತಾಡಿದೆ. ಈಗ ಹದಿನಾಲ್ಕೂವರೆಗೆ ಬಂದು ನಿಲ್ಲುತ್ತೇನೆ, ಎದುರಿಗೆ ಯಾರು ಕುಳಿತರೂ ಧ್ವನಿ ನಡುಗುವುದಿಲ್ಲ.

ಇನ್ನೊಂದು. ಪೇಪರುಗಳಲ್ಲಿ ಹೆಸರು ಹೇಗೆ ಅಚ್ಚಾಗಬೇಕೆಂದು ಈಗಲೇ ತೀರ್ಮಾನಿಸಿ, ಆಮೇಲೆ ಬದಲಿಸುವಂತಿಲ್ಲ ಎಂದರು. ನನ್ನ ರೂಮಿನ ಸ್ಫೂರ್ತಿ 'ಜಿ. ಹನುಮಣ್ಣ ಅಂತ ಬರಿ, ಚಂದ ಕಾಣುತ್ತೆ' ಎಂದಳು. ನಾನು ಪೂರ್ತಿ ಗಾಳೆಮ್ಮ ಎಂದೇ ಬರೆದೆ. ಊರಮ್ಮನ ಹೆಸರು ಇಟ್ಟುಕೊಂಡು ಬಚ್ಚಿಡುವುದೇಕೆ?

ನಮ್ಮ ಮಾಳಿಗೆಯ ಜಾರಿನ ಮೇಲೆ ನಿಮ್ಮ ಕಣ್ಣಿರಲಿ.

ನಿಮ್ಮ ಮಗಳು,
ಗಾಳೆಮ್ಮ


ಟಿ.ಬಿ. ಡ್ಯಾಂ
5 ಸೆಪ್ಟೆಂಬರ್ 2004

ಚಿ. ಗಾಳೆಮ್ಮಳಿಗೆ ಹನುಮಣ್ಣನ ಆಶೀರ್ವಾದಗಳು.

ನಿನ್ನ ಪತ್ರ ಬಂತು. ಏಳನೇ ಕ್ಲಾಸಿನವನಿಗೆ ಅರ್ಥವಾಗುವ ಹಾಗೆ ಬರೆದಿದ್ದೀಯ, ಅದು ಒಳ್ಳೆಯದು. ನಿಮ್ಮವ್ವನಿಗೆ ಎರಡು ಸಲ ಓದಿ ಹೇಳಿದೆ. ಹೆಸರಿನ ವಿಷಯಕ್ಕೆ ಅವಳು ಕಣ್ಣೊರೆಸಿಕೊಂಡಳು.

ಜಾರನ್ನು ನೀನು ಬರೆಯುವ ಮೊದಲಿನಿಂದಲೇ ದಿನಕ್ಕೆ ಎರಡು ಸಲ ನೋಡುತ್ತಿದ್ದೇನೆ. ನೋಡಿದ್ದನ್ನು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಇದರ ಜೊತೆಗೆ ಇದೆ. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಏಳೂವರೆಗೆ ಜಾರಿನ ಅಂಚಿನ ಮೇಲೆ ಕಾಗೆ ಕುಳಿತಿತ್ತು, ಓಡಿಸಿದೆ, ಒಳಗೆ ಏನೂ ಬಿದ್ದಿರಲಿಲ್ಲ. ಹತ್ತೊಂಬತ್ತಕ್ಕೆ ಮಳೆ, ನೀರು ಗೆರೆಯ ಮೇಲೆ ಎರಡು ಬೆರಳು ಏರಿತು. ಇಪ್ಪತ್ತಾರಕ್ಕೆ ಪಕ್ಕದ ಮನೆಯವರು ಸುಣ್ಣ ಬಳಿದರು, ಆ ದಿನ ಗಾಳಿ ನಮ್ಮ ಕಡೆಗೆ ಇರಲಿಲ್ಲ. ಇವೆಲ್ಲ ನಿನಗೆ ಬೇಕೋ ಬೇಡವೋ ತಿಳಿಯದು. ಬೇಡವಾದರೆ ಎಸೆ, ಆದರೆ ಇದ್ದದ್ದನ್ನು ಬರೆಯದೆ ಬಿಟ್ಟರೆ ಆಮೇಲೆ ಹುಟ್ಟಿಸಲು ಬರುವುದಿಲ್ಲ.

ಡ್ಯಾಂ ತುಂಬಿದೆ, ಗೇಟು ತೆಗೆದಿದ್ದಾರೆ. ನಿಮ್ಮ ಮಾವನ ಮಗ ಯಲ್ಲೇಶ ಎರಡನೇ ಟಿಪ್ಪರ್ ತೆಗೆದುಕೊಂಡ. ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲು ಕಣ್ಣಿಗೆ ಕಾಣುವಷ್ಟು ದೂರವೂ ಮುಗಿಯುವುದಿಲ್ಲ. ನಿಮ್ಮವ್ವ ಬಿಸಿಲಿಗೆ ಹಾಕಿದ ಸಂಡಿಗೆ ಕೆಂಪಾಗಿ, ಯಾವ ಊರ ಹಿಟ್ಟು ತಂದಿರಿ ಎಂದು ನನಗೇ ಬೈದಳು.

ಒಂದು ವಿಷಯ ಕೇಳಬೇಕು. ಉಳಿದ ನಾಲ್ಕು ಊರಿನ ಜಾರುಗಳನ್ನು ನೋಡುವವರು ಯಾರು? ಮಾಳಿಗೆ ಹತ್ತಿ ನೀನೇ ಇಳಿಸುತ್ತೀಯೋ, ಅವರು ಇಳಿಸಿ ಕೊಡುತ್ತಾರೋ? ಹೊಸದಾಗಿ ಬಂದ ಸಾಹೇಬರು ಮೊನ್ನೆ ಫೋನಿನಲ್ಲಿ ಲೆವೆಲ್ ಕೇಳಿದರು. 'ಒಂದ್ ಹತ್ ನಿಮಿಷ ತಡೀರಿ, ಮೆಟ್ಲ ಇಳದು ನೋಡಿ ಬಂದು ಹೇಳ್ತೀನಿ' ಅಂದೆ. 'ಬೆಳಿಗ್ಗಿ ನೋಡೀಯಲ್ಲ, ಅದ ಹೇಳು' ಅಂದರು. 'ಬೆಳಿಗ್ಗಿದು ಬೆಳಿಗ್ಗಿಗೆ ಆತ್ರಿ' ಅಂದೆ. ಕಾದರು. ನನ್ನ ಪ್ರಶ್ನೆಗೆ ಉತ್ತರ ಬರೆ.

ಹನುಮಣ್ಣ


ಧಾರವಾಡ
18 ನವೆಂಬರ್ 2004

ಅಪ್ಪನಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ, ಬೈಯಬೇಡಿ. ಒಳ್ಳೆಯ ಸುದ್ದಿ ಕೈಗೆ ಬಂದ ಮೇಲೆ ಬರೆಯೋಣ ಎಂದು ಕಾದೆ. ಬಂದಿದೆ. ಫೆಬ್ರವರಿ ಐದಕ್ಕೆ ಹೈದರಾಬಾದಿನಲ್ಲಿ ದೊಡ್ಡ ಸೆಮಿನಾರ್, ನನ್ನ ಪೇಪರ್ ಆಯ್ಕೆಯಾಗಿದೆ. ನಮ್ಮ ಡಿಪಾರ್ಟ್‌ಮೆಂಟಿನಿಂದ ನಾನೊಬ್ಬಳೇ. ಮಾರ್ಚಿನಲ್ಲಿ ನನ್ನ ಎರಡನೆಯ ವರ್ಷದ ಪರಿಶೀಲನೆ ಇದೆ, ಅದರಲ್ಲಿ ಪಾಸಾದರೆ ಮಾತ್ರ ಸಂಶೋಧನೆ ಮುಂದುವರಿಯುತ್ತದೆ. ಈ ಪೇಪರ್ ಓದಿ ಬಂದರೆ ಪರಿಶೀಲನೆ ನೀರು ಕುಡಿದಷ್ಟು ಸಲೀಸು.

ಏನು ಸಿಕ್ಕಿತು ಎಂದು ಹೇಳುತ್ತೇನೆ. ಹೊಸಪೇಟೆ, ಸಂಡೂರಿನ ಧೂಳು ಕೆಂಪಗೆ, ಭಾರ. ಡ್ಯಾಮಿನದೂ ಕೆಂಪು, ಸ್ವಲ್ಪ ಕಡಿಮೆ. ಕಂಪ್ಲಿಯದು ಕರಿ, ಅಕ್ಕಿ ಗಿರಣಿಗಳ ಹೊಟ್ಟಿನ ಬೂದಿ. ಇಲ್ಲಿಯವರೆಗೆ ಯಾರು ಬೇಕಾದರೂ ಊಹಿಸಬಹುದು. ಆದರೆ ಬಂಡ್ರಿ, ಲಾರಿಗಳು ಮನೆಯ ಕಟ್ಟೆ ಸವರಿಕೊಂಡು ಹೋಗುವ ಬಂಡ್ರಿ, ಐದರಲ್ಲೂ ಅತಿ ಕಡಿಮೆ. ಧೂಳಿನ ಬಣ್ಣವೂ ಬಿಳಿ. ಐದು ತಿಂಗಳೂ ಹಾಗೆಯೇ.

ಮೇಡಂ ಮೊದಲು ಒಪ್ಪಲಿಲ್ಲ. ಇಡೀ ಡಿಪಾರ್ಟ್‌ಮೆಂಟಿನ ಎದುರು 'ಬೆಳ್ಳಗಿರುವುದೆಲ್ಲ ಹಾಲಲ್ಲ, ಗಾಳೆಮ್ಮ' ಎಂದರು. ನಾನು ಬಿಡಲಿಲ್ಲ. ಊರಿನ ಹಿಂದೆ ಗುಡ್ಡ ಇದೆ, ಅದು ಗಾಳಿಯನ್ನು ತಿರುಗಿಸುತ್ತದೆ, ಕೆಂಪು ಧೂಳು ಊರನ್ನು ದಾಟಿ ಆಚೆ ಬೀಳುತ್ತದೆ, ಊರೊಳಗೆ ಉಳಿಯುವುದು ಹೊಲದ ಸುಣ್ಣದ ಮಣ್ಣು ಮಾತ್ರ. ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಮೂರು ಪ್ರಶ್ನೆ ಕೇಳಿದರು, ಮೂರಕ್ಕೂ ಉತ್ತರ ಕೊಟ್ಟೆ. ಕೊನೆಗೆ 'ನೀನು ವಾದ ಮಾಡಲು ಕಲಿತೆ' ಎಂದು ಸಹಿ ಹಾಕಿದರು. ಆ ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ನಿಮ್ಮ ಪ್ರಶ್ನೆ ಮರೆತಿಲ್ಲ. ಮಾಳಿಗೆ ಹತ್ತುವ ಕಷ್ಟವೇ ಇಲ್ಲ ಅಪ್ಪ, ಎಲ್ಲರೂ ಒಳ್ಳೆಯ ಜನ. ಬಂಡ್ರಿಯಲ್ಲಂತೂ ನಿಮ್ಮ ಹಳೆಯ ಜೊತೆಗಾರ ಭರಮಣ್ಣನ ಹೆಂಡತಿ ನಿಂಗಕ್ಕ ಹತ್ತನೇ ತಾರೀಖು ಬಾಗಿಲಲ್ಲೇ ಜಾರ್ ಹಿಡಿದು ನಿಂತಿರುತ್ತಾಳೆ. ನೀರು ಸರಿಯಾಗಿ ಗೆರೆಗೆ ಇರುತ್ತದೆ. ಇನ್ನೊಂದು ಕೈಯಲ್ಲಿ ಚಹಾ.

ನಿಮ್ಮ ಮಗಳು,
ಗಾಳೆಮ್ಮ


ಟಿ.ಬಿ. ಡ್ಯಾಂ
20 ಡಿಸೆಂಬರ್ 2004

ಚಿ. ಗಾಳೆಮ್ಮಳಿಗೆ ಆಶೀರ್ವಾದಗಳು.

ಹೈದರಾಬಾದಿನ ಸುದ್ದಿಗೆ ನಮಗೆಲ್ಲ ಸಂತೋಷ. ನಿಮ್ಮವ್ವ ಕ್ವಾರ್ಟರ್ಸಿನ ಎಲ್ಲ ಮನೆಗೂ ಸಕ್ಕರೆ ಹಂಚಿ ಬಂದಳು.

ಭರಮಣ್ಣನಿಗೆ ಕೆಮ್ಮು ಹೆಚ್ಚಾಗಿದೆ ಎಂದು ತಿಳಿದು ಮೊನ್ನೆ ಭಾನುವಾರ ಬಂಡ್ರಿಗೆ ಹೋಗಿದ್ದೆ. ಮಧ್ಯಾಹ್ನ ಅಲ್ಲೇ ಊಟ ಮಾಡಿದೆ. ಜೋಳದ ರೊಟ್ಟಿ, ಹಿಟ್ಟಿನ ಪಲ್ಲೆ. ನಿಂಗಕ್ಕ ಉಣ್ಣಲು ಕೂರಿಸುವ ಮೊದಲು ತಟ್ಟೆಯನ್ನು ಸೆರಗಿನಿಂದ ಮೂರು ಸಲ ಒರೆಸಿದಳು. ನಿನ್ನ ಮಾತು ಬಂತು. ನಿನ್ನ ಜಾರನ್ನು ಅವಳು ಹೇಗೆ ನೋಡಿಕೊಳ್ಳುತ್ತಾಳೆಂದು ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು.

ಆಮೇಲೆ ಮಾಳಿಗೆಗೆ ಹೋಗಿ ನೋಡಿದೆ. ಕಂಡದ್ದನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆದರೆ ಅಪ್ಪ ಹೇಳಿದ ಎಂದು ನೀನು ನಂಬುತ್ತೀಯ, ಕೈಗೆ ಕೊಟ್ಟ ಜಾರನ್ನು ನಂಬಿದ ಹಾಗೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ, ನೀನು ಪ್ರತ್ಯಕ್ಷವೂ ಕಂಡಿಲ್ಲ. ಜನವರಿಯಲ್ಲಿ ಹತ್ತಕ್ಕೆ ಬರಬೇಡ, ಒಂಬತ್ತಕ್ಕೆ ಬಾ. ಯಾರಿಗೂ ಹೇಳದೆ ನೇರವಾಗಿ ಬಂಡ್ರಿಗೆ ಹೋಗು. ನಿಂಗಕ್ಕನ ಮೇಲೆ ಧ್ವನಿ ಏರಿಸಬೇಡ.

ಹನುಮಣ್ಣ


ಧಾರವಾಡ
11 ಜನವರಿ 2005

ಅಪ್ಪನಿಗೆ,

ಒಂಬತ್ತಕ್ಕೆ ಹೋದೆ. ಮನೆಗೆ ಬರಲಿಲ್ಲ, ಬಂಡ್ರಿಯಿಂದ ಹಾಗೇ ತಿರುಗಿ ಬಸ್ಸು ಹತ್ತಿದೆ. ಅವ್ವನಿಗೆ ಮುಖ ತೋರಿಸುವ ಹಾಗಿರಲಿಲ್ಲ.

ಮನೆಯಲ್ಲಿ ಯಾರೂ ಕಾಣಲಿಲ್ಲ, ನಾನೇ ಏಣಿ ಹತ್ತಿದೆ. ಏಳು ತಿಂಗಳಲ್ಲಿ ಮೊದಲ ಸಲ. ಮಾಳಿಗೆಯ ಮಣ್ಣು ಕುಂಕುಮ ಚೆಲ್ಲಿದ ಹಾಗಿತ್ತು. ಜಾರಿನ ನೀರು ಇಟ್ಟಿಗೆಯ ಬಣ್ಣ. ಕೆಳಗೆ ಒಂದು ಬೆರಳು ಕೆಸರು ಕೂತಿತ್ತು. ಅದನ್ನು ಹಿಡಿದು ಕೆಳಗಿಳಿದೆ. ಅಷ್ಟರಲ್ಲಿ ನಿಂಗಕ್ಕ ಹಿತ್ತಲಿನಿಂದ ಬಂದವಳು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ಜಾರನ್ನು ನನ್ನ ಕೈಯಿಂದ ಕಸಿದುಕೊಂಡಳು.

'ಅಯ್ಯ, ಕೊಡಿಲ್ಲಿ ತಾಯಿ. ನಾಳಿಗೆ ಬರ್ತಿ ಅಂತ ನಾನು ಇನ್ನಾ ತೊಳ್ದಿಲ್ಲ.'

'ತೊಳ್ದಿಲ್ಲ ಅಂದ್ರ?'

'ಪ್ರತಿ ಸಲ ತೊಳ್ದೇ ಕೊಡ್ತೀನಲ್ಲವ್ವ. ಬೂದಿ, ಹುಣಸೆಹಣ್ಣು ಹಾಕಿ ತಿಕ್ಕಿ, ನೀ ಗೆರಿ ಹಾಕೀಯಲ್ಲ, ಅಲ್ಲಿ ಮಟ ಬೋರಿನ ನೀರು ತುಂಬಿಡ್ತೀನಿ. ಕುಡಿಯಾ ನೀರು ಅದು, ಬಚ್ಚಲದ್ದಲ್ಲ.'

ಯಾಕೆ ಎಂದು ಕೇಳಿದೆ.

'ಮಂದಿ ಪಾತ್ರಿ ಹೊಲಸು ಮಾಡಿ ಹೆಂಗ ವಾಪಸ್ ಕೊಡದು? ಧಾರವಾಡದಾಗ ದೊಡ್ ದೊಡ್ಡೋರು ನೋಡ್ತಾರ ಅಂದಿದ್ದಿ. ಬಂಡ್ರಿ ಮಂದಿ ಇಷ್ಟು ಗಲೀಜು ಏನು ಅಂದ್ಕಂಡಾರು. ನಿನ್ ಹೆಸರೂ ಕೆಡ್ತದ.'

ಧ್ವನಿ ಏರಿಸಲಿಲ್ಲ ಅಪ್ಪ. ಏರಿಸುವುದಾದರೆ ನನ್ನ ಮೇಲೆ ಏರಿಸಬೇಕಿತ್ತು. ಜೂನಿನಲ್ಲಿ ಜಾರ್ ಇಡುವಾಗ ನಾನು ಅವಳಿಗೆ ಹೇಳಿದ್ದು ಒಂದೇ ಮಾತು, 'ಇದನ್ನ ಜ್ವಾಪಾನ ನೋಡ್ಕ ನಿಂಗಕ್ಕ.' ಅವಳು ಜೋಪಾನವಾಗಿ ನೋಡಿಕೊಂಡಳು. ಯಾಕೆ ಇಡುತ್ತಿದ್ದೇನೆ, ಒಳಗೆ ಏನು ಬೀಳಬೇಕು ಎಂದು ಹೇಳಲು ನನಗೆ ಎರಡು ನಿಮಿಷ ಇರಲಿಲ್ಲ. ಇನ್ನೂರು ಪದದಲ್ಲಿ ಪ್ರೊಫೆಸರುಗಳಿಗೆ ಹೇಳಲು ಬಂತು, ಮನೆ ಬಿಟ್ಟುಕೊಟ್ಟವಳಿಗೆ ಹೇಳಲು ಬರಲಿಲ್ಲ. ನಾನು ಇಷ್ಟು ದಿನ ತೂಗಿದ ಬಿಳಿ ಧೂಳು ಬಂಡ್ರಿಯ ಬೋರ್‌ವೆಲ್ಲಿನ ಉಪ್ಪು. ಅದಕ್ಕೊಂದು ಗುಡ್ಡ ತಂದು ನಿಲ್ಲಿಸಿ, ಗಾಳಿ ತಿರುಗಿಸಿದೆ.

ಈಗ ಇಪ್ಪತ್ತೈದು ದಿನ ಉಳಿದಿದೆ. ಪೇಪರಿನ ಸಾರಾಂಶ ಅಚ್ಚಾಗಿ ಹೋಗಿದೆ. ಸ್ಫೂರ್ತಿ ಹೇಳುತ್ತಾಳೆ, ಬಂಡ್ರಿಯ ಸಾಲನ್ನು ತೆಗೆದುಬಿಡು, ಜಾರ್ ಒಡೆಯಿತು ಎಂದು ಒಂದು ಮಾತು ಸೇರಿಸು, ಉಳಿದ ನಾಲ್ಕು ಊರಿನ ಮೇಲೆ ಮಾತಾಡಿ ಬಾ, ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದಿಲ್ಲ ಎಂಬುದು ನಿಜ. ಮೇಡಂಗೆ ಹೇಳಬೇಕೆಂದರೆ ಕಾಲು ಏಳುತ್ತಿಲ್ಲ. ಎಲ್ಲರ ಎದುರು ಅವರನ್ನು ಸೋಲಿಸಿದವಳು ನಾನು. ಹೇಳಿದರೆ ಪೇಪರ್ ಹೋಗುತ್ತದೆ, ಮಾರ್ಚಿನ ಪರಿಶೀಲನೆಯೂ ಹೋಗಬಹುದು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ನೇರವಾಗಿ ಬರೆಯಿರಿ.

ಗಾಳೆಮ್ಮ


ಟಿ.ಬಿ. ಡ್ಯಾಂ
16 ಜನವರಿ 2005

ಚಿ. ಗಾಳೆಮ್ಮಳಿಗೆ,

ಏನು ಮಾಡುತ್ತಿದ್ದೆ ಎಂದು ನೀನು ಕೇಳಿದೆ. ಏನು ಮಾಡಿದೆ ಎಂದು ಹೇಳುತ್ತೇನೆ. ಇದು ನಿಮ್ಮವ್ವನಿಗೂ ಗೊತ್ತಿಲ್ಲ.

ನೀನು ಹುಟ್ಟುವ ಮೊದಲು ನನ್ನನ್ನು ದೂರದ ಒಂದು ಹಳ್ಳದ ಗೇಜಿಗೆ ಹಾಕಿದ್ದರು. ಒಂಟಿ ಕೋಣೆ, ಮೈಲಿ ದೂರದಲ್ಲಿ ಊರು. ಒಮ್ಮೆ ಮೂರು ದಿನ ಚಳಿಜ್ವರ ಬಂದು ಮಲಗಿಬಿಟ್ಟೆ. ನಾಲ್ಕನೇ ದಿನ ಎದ್ದು, ಹಿಂದಿನ ಲೆವೆಲ್ಲಿಗೂ ಆವತ್ತಿನ ಲೆವೆಲ್ಲಿಗೂ ನಡುವೆ ಹೊಂದುವ ಹಾಗೆ ಗೇಜ್ ಪುಸ್ತಕದಲ್ಲಿ ಮೂರು ಅಂಕಿ ಬರೆದೆ. ಜ್ವರ ಬಂದಿತ್ತು, ನೋಡಿಲ್ಲ ಎಂದು ಬರೆದಿದ್ದರೆ ಒಂದು ಮಾತು ಬೈಯುತ್ತಿದ್ದರು, ಅಷ್ಟೇ. ಆದರೆ ಹೊಸ ನೌಕರಿ, ಹೆದರಿದೆ. ಯಾರೂ ಹಿಡಿಯಲಿಲ್ಲ. ಹಳ್ಳಕ್ಕೆ ಸೇತುವೆ ಕಟ್ಟುವಾಗ ಆ ಪುಸ್ತಕ ತರಿಸಿಕೊಂಡು ಲೆಕ್ಕ ಹಾಕಿದರು ಎಂದು ಆಮೇಲೆ ಕೇಳಿದೆ. ಸೇತುವೆ ಗಟ್ಟಿಯಾಗಿಯೇ ಇದೆ. ಆದರೂ ಮಳೆ ಜೋರಾದ ವರ್ಷಗಳಲ್ಲಿ ನನಗೆ ಊಟ ಸೇರುವುದಿಲ್ಲ. ಸಿಕ್ಕಿಬಿದ್ದಿದ್ದರೆ ಆವತ್ತಿಗೆ ಮುಗಿಯುತ್ತಿತ್ತು.

ನಮ್ಮ ಪುಸ್ತಕದಲ್ಲಿ ಅಂಕಿ ತಪ್ಪಾದರೆ ಬ್ಲೇಡಿನಿಂದ ಕೆರೆಯುವಂತಿಲ್ಲ, ಮೇಲೆ ತಿದ್ದುವಂತಿಲ್ಲ. ತಪ್ಪು ಅಂಕಿ ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ ಹಾಕಬೇಕು. ಏನು ತಪ್ಪಾಗಿತ್ತು ಎಂಬುದೂ ಮುಂದಿನವನಿಗೆ ಕಾಣಬೇಕು. ಸ್ಫೂರ್ತಿ ಹೇಳಿದ್ದು ಬ್ಲೇಡಿನ ಕೆಲಸ.

ಮೊದಲು ಮೇಡಂಗೆ ಹೇಳು. ಬೇರೆ ಯಾರಿಂದಲೂ ಅವರ ಕಿವಿಗೆ ಬೀಳಬಾರದು. ಬಾಯಲ್ಲಿ ಹೇಳಿದರೆ ಅಳುತ್ತೀಯ, ಬರೆದುಕೊಡು. ಒಂದು ಹಾಳೆ ಸಾಕು. ನಿಂಗಕ್ಕ ತಪ್ಪು ಮಾಡಿದಳು ಎಂದು ಬರೆಯಬೇಡ, ಅವಳು ಮಾಡಿದ್ದು ತಪ್ಪಲ್ಲ.

ಹನುಮಣ್ಣ


ಹೈದರಾಬಾದ್
6 ಫೆಬ್ರವರಿ 2005

ಅಪ್ಪನಿಗೆ ಗಾಳೆಮ್ಮನ ನಮಸ್ಕಾರ.

ನಾಳೆ ಮೇಡಂ ಮತ್ತು ನಾನು ಧಾರವಾಡಕ್ಕೆ ಹೊರಡುತ್ತೇವೆ, ಅಷ್ಟರವರೆಗೆ ತಡೆಯಲಾರದೆ ಇಲ್ಲಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಪತ್ರ ಬಂದ ದಿನವೇ ಮೇಡಂಗೆ ಹಾಳೆ ಕೊಟ್ಟೆ. ಓದಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು. ಬೈದಿದ್ದರೆ ಚೆನ್ನಾಗಿತ್ತು. 'ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನೋರು ಬಹಳ ಮಂದಿ ನೋಡಿದ್ದೀನಿ. ಮಣ್ಣಾಗಿದೆ ಅಂತ ಬರೆದುಕೊಟ್ಟೋರು ಕಮ್ಮಿ' ಎಂದರು. ಆಮೇಲೆ, ಆವತ್ತು ವಾದದಲ್ಲಿ ಸೋತು ಸಹಿ ಹಾಕಿದ್ದು ತಮ್ಮ ತಪ್ಪು, ನನ್ನನ್ನು ಬಂಡ್ರಿಗೆ ಕಳಿಸಿ ನೋಡಿ ಬಾ ಎನ್ನಬೇಕಿತ್ತು ಎಂದರು. ಸೆಮಿನಾರಿನವರಿಗೆ ನನ್ನಿಂದಲೇ ಪತ್ರ ಬರೆಸಿದರು. ಪೇಪರ್ ಹಿಂತೆಗೆದುಕೊಳ್ಳುತ್ತೇನೆ, ಆ ಹದಿನೈದು ನಿಮಿಷ ಕೊಟ್ಟರೆ ಯಾಕೆ ತಪ್ಪಾಯಿತೆಂದು ಹೇಳುತ್ತೇನೆ ಎಂದು ಬರೆದೆ. ಅವರು ಒಪ್ಪಿದರು.

ನಿನ್ನೆ ಮಾತಾಡಿದೆ. ಇನ್ನೂರು ಜನ. ಮೊದಲ ಚಿತ್ರವಾಗಿ ಬಂಡ್ರಿಯ ಎರಡು ಬಾಟಲಿ ತೋರಿಸಿದೆ, ಒಂದು ನಿಂಗಕ್ಕ ತೊಳೆದು ಕೊಟ್ಟ ತಿಳಿ ನೀರು, ಒಂದು ಒಂಬತ್ತಕ್ಕೆ ನಾನು ತುಂಬಿ ತಂದ ಇಟ್ಟಿಗೆಯ ಬಣ್ಣದ್ದು. ಒಂದೇ ಮನೆ, ಒಂದೇ ಮಾಳಿಗೆ, ನಡುವೆ ಇರುವುದು ಒಬ್ಬ ಹೆಂಗಸಿನ ಮರ್ಯಾದೆ ಎಂದೆ. ಕೆಲವರು ನಕ್ಕರು. ನಗಲಿ ಎಂದು ಬಿಟ್ಟೆ. ಗುಡ್ಡದ ಚಿತ್ರವನ್ನೂ ತೋರಿಸಿ ಅದರ ಮೇಲೆ ಒಂದೇ ಗೆರೆ ಎಳೆದೆ, ಕೆಳಗಿದ್ದದ್ದು ಎಲ್ಲರಿಗೂ ಕಾಣುವ ಹಾಗೆ. ಹದಿನಾಲ್ಕು ನಿಮಿಷಕ್ಕೆ ಮುಗಿಸಿದೆ. ಧ್ವನಿ ನಡುಗಲಿಲ್ಲ.

ಆಮೇಲೆ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು ಕೇಳಿದರು, 'ಉಳಿದ ನಾಲ್ಕು ಜಾರುಗಳನ್ನು ಯಾರೂ ಮುಟ್ಟಿಲ್ಲ ಎಂದು ನಿಮಗೆ ಹೇಗೆ ಗೊತ್ತು?' ಇದನ್ನು ನಾನು ಯೋಚಿಸಿರಲಿಲ್ಲ ಅಪ್ಪ. ಒಂದು ತಪ್ಪು ಒಪ್ಪಿಕೊಂಡು ಉಳಿದದ್ದು ಸರಿ ಎಂದು ನಿರಾಳವಾಗಿದ್ದೆ. ಉತ್ತರ ಕಟ್ಟಲು ನನಗೆ ಬರುತ್ತದೆ, ನಾಲಿಗೆಯ ತುದಿಗೂ ಬಂತು. ನುಂಗಿಕೊಂಡು 'ಗೊತ್ತಿಲ್ಲ ಸರ್' ಎಂದೆ. ನಾನು ಇಷ್ಟು ವರ್ಷ ಕಲಿತದ್ದರಲ್ಲಿ ಹೇಳಲು ಅತಿ ಕಷ್ಟವಾದದ್ದು ಆ ಎರಡು ಪದ. ಚಹಾದ ಹೊತ್ತಿಗೆ ಅವರೇ ಬಂದು ತಮ್ಮ ವಿಳಾಸ ಕೊಟ್ಟು, ಮುಂದಿನ ವರ್ಷದ ಅಂಕಿಗಳನ್ನು ನನಗೂ ಕಳಿಸಿ ಎಂದರು.

ರಾತ್ರಿ ಊಟಕ್ಕೆ ಕುಳಿತಾಗ ಮೇಡಂ ನನ್ನ ಕಡತ ತಿರುವಿ ಹಾಕಿದರು. ಹೊಸಪೇಟೆ, ಸಂಡೂರು, ಕಂಪ್ಲಿ, ಮೂರರ ಬಗ್ಗೆಯೂ ಆಣೆ ಮಾಡಿ ಹೇಳಲು ನನಗೆ ಸಾಧ್ಯವಾಗಲಿಲ್ಲ. ಕೊನೆಗೆ ನಿಮ್ಮ ಚೀಟಿಗಳು ಸಿಕ್ಕವು. ಕಾಗೆಯ ಸಮೇತ ಎಲ್ಲವನ್ನೂ ಓದಿದರು. 'ಐದರಲ್ಲಿ ನಿಲ್ಲೋ ಜಾರ್ ಇದೊಂದೇ. ಯಾರು ಈ ಮನುಷ್ಯ?' ಎಂದು ಕೇಳಿದರು. ಹೇಳಿದೆ. ಹೇಳುವಾಗ ಅಳು ಬಂತು, ಬಚ್ಚಿಡಲಿಲ್ಲ.

ಪರಿಶೀಲನೆಯನ್ನು ಆರು ತಿಂಗಳು ಮುಂದೂಡಲು ಬರೆಯುತ್ತಾರಂತೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಏಪ್ರಿಲಿನಿಂದ ಐದೂ ಊರಿನಲ್ಲಿ ಹೊಸದಾಗಿ ಶುರು ಮಾಡುತ್ತೇನೆ. ಈ ಸಲ ಪ್ರತಿ ಮನೆಯಲ್ಲೂ ಒಂದು ದಿನ ಕೂತು, ಯಾಕೆ ಎಂದು ಹೇಳಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು, ಆಮೇಲೆ ಜಾರ್ ಇಡುತ್ತೇನೆ. ನನಗೆ ಹೆದರಿಕೆ ಇಲ್ಲ.

ನಿಮ್ಮ ಮಗಳು,
ಗಾಳೆಮ್ಮ


ಟಿ.ಬಿ. ಡ್ಯಾಂ
14 ಫೆಬ್ರವರಿ 2005

ಚಿ. ಗಾಳೆಮ್ಮಳಿಗೆ ಆಶೀರ್ವಾದಗಳು.

ಪತ್ರ ಬಂತು. ನಿಮ್ಮವ್ವನಿಗೆ ಓದಿ ಹೇಳುವಾಗ ಚೀಟಿಯ ಭಾಗ ಬಿಟ್ಟುಬಿಟ್ಟೆ. ಅವಳು ಹಿಡಿದಳು, 'ಏನೋ ನುಂಗಿದ್ರಿ, ಓದ್ರಿ' ಅಂದಳು. ಓದಿದೆ.

ಮೇ ತಿಂಗಳಿಗೆ ನನ್ನ ನೌಕರಿ ಮುಗಿಯುತ್ತದೆ. ಅದಕ್ಕೆ ಮೊದಲು ಮೇಲಿನವರಿಗೆ ನಾನೂ ಒಂದು ಹಾಳೆ ಬರೆದುಕೊಡುವುದಿದೆ. ವಿಷಯ ನಿನಗೆ ಗೊತ್ತು.

ನಿಂಗಕ್ಕನ ಕಿವಿಗೆ ಯಾರೋ ಹಾಕಿದ್ದಾರೆ, ಅವಳಿಂದ ನಿನ್ನ ಒಂದು ವರ್ಷ ಹಾಳಾಯಿತೆಂದು. ಮೂರು ದಿನದಿಂದ ಸರಿಯಾಗಿ ಉಂಡಿಲ್ಲವಂತೆ. ಬೇರೆ ಊರುಗಳು ಆಮೇಲೆ, ಮೊದಲು ಅವಳ ಮನೆಗೆ ಹೋಗು.

ಹನುಮಣ್ಣ


ಬಂಡ್ರಿ
21 ಮೇ 2005

ಗಾಳೆಮ್ಮಗ ನಿಂಗಕ್ಕ ಮಾಡೋ ಶರಣು.

ನನಗ ಬರಿಯಾಕ ಬರಲ್ಲ. ಅಂಗನವಾಡಿ ಟೀಚರ್ ಸಂಗಮ್ಮಗ ಹೇಳಿ ಬರಸಾಕತ್ತೀನಿ. ನಾ ಹೆಂಗ ಹೇಳ್ತೀನೋ ಹಂಗ ಬರಿ ಅಂದೀನಿ. ಚಂದ ಮಾಡಾಕ ಹೋಗಬ್ಯಾಡ ಅಂತ ಆಣಿ ಹಾಕೀನಿ.

ಅವತ್ತು ನೀ ಬಂದು ನಮ್ಮ ಕಟ್ಟಿ ಮ್ಯಾಲೆ ಸಂಜಿತನಕ ಕುಂತು ಹೇಳಿದ್ಯಲ್ಲ, ಆವಾಗ ನನಗ ಸಮಾಧಾನ ಆತು. ಮದ್ಲ ಹೇಳಿದ್ರ ನಾ ಯಾಕ ತೊಳೀತಿದ್ನೆವ್ವ? ಹೊಲಸ ಬೇಕು ಅಂತ ಕೇಳಾರು ಇರ್ತಾರ ಅಂತ ನನಗ ಹೆಂಗ ಗೊತ್ತಾಗಬೇಕು? ಈಗ ಮುಟ್ಟಿಲ್ಲ. ದಿನಾ ಮುಂಜೇಲಿ ಏಣಿ ಹತ್ತಿ ನೋಡಿ ಬರ್ತೀನಿ, ಕೈ ಹಿಂದ ಕಟ್ಕಂಡು. ನೀನು ಬರದಾದ್ರ ಮಾತ್ರ ಹೇಳದಂಗ ಬಾ. ತಾರೀಕು ಗೊತ್ತಾದ್ರ ನನ್ ಕೈ ಸುಮ್ನ ಕುಂದ್ರಂಗಿಲ್ಲ.

ಈಗ ನಾ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ನೀವು ಓದಿದ ಮಂದಿ ಜಾರು ಒಯ್ದು ಮಾಳಿಗಿ ಮ್ಯಾಲೆ ಯಾಕ ಇಡ್ತೀರಿ? ಮಾಳಿಗಿ ಮ್ಯಾಲೆ ಯಾರು ಇರ್ತಾರ? ನಾವು ಇರಾದು ಕೆಳಗ. ಉಣ್ಣಾದು, ಮಲಗಾದು, ಉಸಿರು ಬಿಡಾದು ಎಲ್ಲಾ ಕೆಳಗ. ಭಾಳ ದಿನ ಇದ ತಲಿಯಾಗ ತಿರಗಾಕತ್ತಿತ್ತು. ನಿನ್ನ ಕೇಳಿ ಮಾಡೋಣ ಅಂದ್ರ ನೀ ಧಾರವಾಡದಾಗ ಇದ್ದಿ.

ಮಗಳು ಬಾಣಂತನಕ್ಕ ಬಂದಾಳ. ಗಂಡು ಹುಡುಗ. ಹನ್ನೆಲ್ಡು ದಿನ ಆತು. ನಡುಮನಿಯಾಗ ತೊಟ್ಲ ಕಟ್ಟೀವಿ, ಕಿಡಕಿ ಬಾಗಲ ಎಲ್ಲಾ ಮುಚ್ಚೀವಿ. ಗಾಳಿ ಸೋಕಬಾರದು ಅಂತ ಕಿಡಕಿ ಸಂದಿಗೆಲ್ಲ ಅರಬಿ ತುರಕೀನಿ. ತೊಟ್ಲ ಪಕ್ಕ ಒಂದು ಹೊಸ ಸ್ಟೀಲ್ ಗಂಗಾಳದಾಗ ಕಾಯಿಸಿ ಆರಿಸಿದ ನೀರು ಹಾಕಿ ಇಟ್ಟೆ. ನೀ ಹೆಂಗ ಹೇಳಿದ್ದೋ ಹಂಗ, ಗೆರಿ ಹಾಕಿ. ಯಾರೂ ಮುಟ್ಟಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿ, ಯಾಕ ಅಂತನೂ ಹೇಳಿ ಇಟ್ಟೆ. ಇವತ್ತಿಗೆ ಎಂಟು ದಿನ.

ಮುಂಜೇಲಿ ಬಗ್ಗಿ ನೋಡಿದೆ. ಗಂಗಾಳದ ತಳ ಕಾಣಲ್ಲ, ಅಷ್ಟು ಕೆಂಪಗ ಐತಿ. ಕೂಸು ಅದರ ಮಗ್ಗಲಕ ಬಾಯಿ ತಕ್ಕಂಡು ಮಲಗಿತ್ತು.

ತೊಳ್ದಿಲ್ಲ. ಹಂಗ ಐತಿ. ಜಲ್ದಿ ಬಾ. ನಿನ್ ತಕ್ಕಡಿ ತಗಂಬಾ.

ಹೇಳಿದಾಕಿ ನಿಂಗಕ್ಕ
ಬರೆದವಳು ಸಂಗಮ್ಮ, ಅಂಗನವಾಡಿ, ಬಂಡ್ರಿ